ಹೇಳಿಕೊಳ್ಳದ ನೋವಿನ ಹೊಣೆ

ನಮ್ಮ ನುಡಿಯಲ್ಲಿ ಬೆಕ್ಕಿಗೆ ದೊರೆತ ಸ್ಥಾನ ಬಹಳ ಗೌರವದ್ದೇನೂ ಅಲ್ಲ. ಕಪಟಕ್ಕೆ ಉಪಮೆ ಬೇಕಾದರೆ ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕು. ಕ್ರೌರ್ಯಕ್ಕೆ ಬೇಕಾದರೆ ಇಲಿಯ ಪ್ರಾಣಸಂಕಟದ ಮುಂದೆ ಚೆಲ್ಲಾಟವಾಡುವ ಬೆಕ್ಕು. ಅಪಶಕುನಕ್ಕೆ ಬೇಕಾದರೆ ದಾರಿಗೆ ಅಡ್ಡ ಬಂದ ಬೆಕ್ಕು. ಒಂದು ಕಡೆ ನಿಲ್ಲಲಾರದೆ ಅತ್ತಿಂದಿತ್ತ ಚಡಪಡಿಸುವವರನ್ನು ಕಂಡರೆ 'ಕಾಲು ಸುಟ್ಟ ಬೆಕ್ಕಿನಂತೆ' ಎನ್ನುತ್ತೇವೆ. ಈ ಕೊನೆಯ ಮಾತನ್ನು ಕೊಂಚ ನಿಂತು ನೋಡಬೇಕು. ಕಾಲು ಸುಟ್ಟದ್ದು ಯಾರ ಒಲೆಯ ಮುಂದೆ, ಆಮೇಲೆ ಆ ಕಾಲು ಏನಾಯಿತು ಎಂದು ಆಡುಮಾತು ಕೇಳುವುದಿಲ್ಲ. ನೋವು ಬೆಕ್ಕಿನದು, ಉಪಮೆ ಮಾತ್ರ ನಮ್ಮದು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ಕೇಳದ ಕನ್ನಡದ ಮಗು ಇರಲಾರದು. ವಿಜಯನಗರದಲ್ಲಿ ಇಲಿಗಳ ಕಾಟ ಹೆಚ್ಚಿ, ಅರಸನು ಮನೆಗೊಂದು ಬೆಕ್ಕಿನ ಮರಿಯನ್ನೂ ಅದಕ್ಕೆ ಹಾಲೆರೆಯಲು ಒಂದು ಹಸುವನ್ನೂ ಕೊಟ್ಟನಂತೆ. ರಾಮಕೃಷ್ಣನು ಮೊದಲ ದಿನವೇ ಕುದಿಯುವ ಹಾಲನ್ನು ಮರಿಯ ಮುಂದಿಟ್ಟನು. ನಾಲಿಗೆ ಸುಟ್ಟುಕೊಂಡ ಮರಿ ಮತ್ತೆಂದೂ ಹಾಲಿನ ಬಟ್ಟಲ ಬಳಿ ಸುಳಿಯಲಿಲ್ಲ; ಹಸುವಿನ ಹಾಲೆಲ್ಲ ಮನೆಯವರಿಗೇ ಉಳಿಯಿತು. ಪರೀಕ್ಷೆಯ ದಿನ ಊರ ಬೆಕ್ಕುಗಳೆಲ್ಲ ಕೊಬ್ಬಿ ಬಂದರೆ ಇವನ ಬೆಕ್ಕು ಬಡಕಲಾಗಿ ಬಂತು. 'ಪ್ರಭುಗಳೇ, ಇದು ಹಾಲನ್ನೇ ಕುಡಿಯುವುದಿಲ್ಲ' ಎಂದು ಅವನು ಎಲ್ಲರೆದುರು ತೋರಿಸಿಕೊಟ್ಟನು. ಆಸ್ಥಾನವೆಲ್ಲ ನಕ್ಕಿತು. ಕಥೆ ಕೇಳಿದ ನಾವೂ ತಲೆಮಾರುಗಳಿಂದ ನಗುತ್ತಲೇ ಬಂದಿದ್ದೇವೆ. ಕಥೆಯ ಜಾಣತನ ಇರಲಿ. ಅದರೊಳಗೆ ಒಂದು ಸತ್ಯ ಅಡಗಿದೆ. ಆಸ್ಥಾನದವರಿಗೆ ಕಂಡದ್ದು ಬೆಕ್ಕಿನ ಸ್ವಭಾವ. ನಿಜವಾಗಿ ಅಲ್ಲಿದ್ದುದು ಬೆಕ್ಕಿನ ಗಾಯ. ಗಾಯವನ್ನು ಸ್ವಭಾವವೆಂದು ತಿಳಿಯುವುದು ಎಷ್ಟು ಸುಲಭ!

ಈ ಲೇಖನದಲ್ಲಿ ನಾವು ಎತ್ತಿಕೊಂಡ ಪ್ರಶ್ನೆ ಇದು: ಯಾರೋ ಎಂದೋ ಮಾಡಿದ ಗಾಯ, ಅದರ ಕಥೆ ನಮಗೆ ತಿಳಿಯದು, ತಿಳಿಸಬೇಕಾದ ಪ್ರಾಣಿಗೆ ಮಾತಿಲ್ಲ. ಅಂಥ ಪ್ರಾಣಿ ನಮ್ಮ ಮನೆಯನ್ನು ಸೇರಿದ ಮೇಲೆ ಆ ಹಳೆಯ ಗಾಯದ ಹೊಣೆ ನಮ್ಮದೇ? ಹೌದಾದರೆ ಎಷ್ಟರಮಟ್ಟಿಗೆ? ಗೋವಿನ ಹಾಡಿನ ಪುಣ್ಯಕೋಟಿಗೆ ಮಾತಿತ್ತು. ತನ್ನ ಸಂಕಟವನ್ನು ಅವಳು ಹುಲಿಯ ಎದುರಿನಲ್ಲಿಯೇ ಬಿಡಿಸಿ ಹೇಳಬಲ್ಲವಳಾಗಿದ್ದಳು. ಹುಲಿಯ ಮನಸ್ಸು ಕರಗಿದ್ದು ಕೇಳಿದ ಮೇಲೆ. ಕೇಳಿಸದ ಸಂಕಟಕ್ಕೆ ಮನಸ್ಸು ಕರಗುವುದು ಹೇಗೆ?

ಮುಂಬಯಿಯಲ್ಲಿ ಬೆಕ್ಕಿಲ್ಲದ ಓಣಿಯಿಲ್ಲ. ಸಸೂನ್ ಡಾಕಿನ ಮೀನಿನ ಬುಟ್ಟಿಗಳ ನಡುವೆ, ಚಾಳುಗಳ ಮೆಟ್ಟಿಲ ಕೆಳಗೆ, ಉಪನಗರದ ಸೊಸೈಟಿಗಳಲ್ಲಿ ನಿಲ್ಲಿಸಿದ ಗಾಡಿಗಳ ಅಡಿಯಲ್ಲಿ, ಎಲ್ಲೆಲ್ಲೂ ಅವುಗಳ ಸಂಸಾರ. ಮರಾಠಿಯವರು ಅದನ್ನು ಹುಲಿಯ ಮಾವಶಿ ಎನ್ನುತ್ತಾರೆ, ತುಳು ಮನೆಗಳಲ್ಲಿ ಅದು ಪುಚ್ಚೆ. ಹೆಸರು ಯಾವುದಾದರೂ ಅದರ ಅಪಾಯಗಳು ಒಂದೇ: ಮಳೆಗಾಲದಲ್ಲಿ ಬೆಚ್ಚಗಿನ ಎಂಜಿನ್ನಿನೊಳಗೆ ಮಲಗುವುದು, ರಸ್ತೆ ದಾಟುವಾಗ ರಿಕ್ಷಾದ ಚಕ್ರ, ಎತ್ತರದ ಕಿಟಕಿಯಿಂದ ಬೀಳುವುದು. ಬೆಕ್ಕು ಎಲ್ಲಿಂದ ಬಿದ್ದರೂ ನಾಲ್ಕು ಕಾಲ ಮೇಲೆ ನಿಲ್ಲುತ್ತದೆಂದು ನಾವು ನಂಬಿದ್ದೇವೆ. 1987ರಲ್ಲಿ ನ್ಯೂಯಾರ್ಕಿನ ಪ್ರಾಣಿ ಆಸ್ಪತ್ರೆಯೊಂದರ ವೈದ್ಯರು ಎತ್ತರದ ಕಟ್ಟಡಗಳಿಂದ ಬಿದ್ದ 132 ಬೆಕ್ಕುಗಳ ವಿವರವನ್ನು ಪ್ರಕಟಿಸಿದರು. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ ತೊಂಬತ್ತು ಬದುಕಿದ್ದವು. ಕೇಳಿದವರು ಇದನ್ನು ಪವಾಡವೆಂದುಕೊಂಡರು. ಆದರೆ ಬಿದ್ದಲ್ಲಿಯೇ ಸತ್ತ ಬೆಕ್ಕನ್ನು ಯಾರೂ ಆಸ್ಪತ್ರೆಗೆ ಒಯ್ಯುವುದಿಲ್ಲ. ಮತ್ತು ಬದುಕುವುದೆಂದರೆ ಗಾಯವಿಲ್ಲದೆ ಬದುಕುವುದೆಂದೇನೂ ಅಲ್ಲ. ಆಸ್ಪತ್ರೆಯ ಬಾಗಿಲನ್ನೇ ಕಾಣದ ಓಣಿಯ ಬೆಕ್ಕು ಮುರಿದ ಮೂಳೆಯೊಂದಿಗೆ ಯಾವುದೋ ಮೂಲೆಯಲ್ಲಿ ಕೆಲವು ವಾರ ಅಡಗಿ ಕುಳಿತು, ಮೂಳೆ ತನಗೆ ತೋಚಿದಂತೆ ಕೂಡಿಕೊಂಡ ಮೇಲೆ ಎದ್ದು ಬರುತ್ತದೆ. ನಾವು ನೋಡುವುದು ಎದ್ದು ಬಂದ ಬೆಕ್ಕನ್ನು ಮಾತ್ರ.

ಬೆಕ್ಕು ತನ್ನ ನೋವನ್ನು ಅಡಗಿಸುತ್ತದೆ. ಇದು ಮೋಸವಲ್ಲ, ಬದುಕುವ ಉಪಾಯ. ಇಲಿಗೆ ಅದು ಬೇಟೆಗಾರ ನಿಜ, ಆದರೆ ತನಗಿಂತ ದೊಡ್ಡ ಪ್ರಾಣಿಗಳಿಗೆ ಅದೂ ಬೇಟೆಯೇ. ಕುಂಟುವುದನ್ನು ಕಂಡರೆ ಶತ್ರು ಮೊದಲು ಬರುವುದು ಅದರ ಬಳಿಗೆ. ಆದುದರಿಂದ ಅದು ನರಳುವುದಿಲ್ಲ, ಕೂಗುವುದಿಲ್ಲ. ಬರಿದೆ ಕೆಲವು ಕೆಲಸಗಳನ್ನು ಬಿಟ್ಟುಬಿಡುತ್ತದೆ. ಹಾರುತ್ತಿದ್ದ ಕಡೆ ಹಾರುವುದಿಲ್ಲ. ನೆಕ್ಕುತ್ತಿದ್ದ ಬೆನ್ನನ್ನು ನೆಕ್ಕುವುದಿಲ್ಲ, ಇಲ್ಲವೆ ಒಂದೇ ಜಾಗವನ್ನು ಕೂದಲುದುರುವವರೆಗೆ ನೆಕ್ಕುತ್ತದೆ. ಗುರುಗುಟ್ಟುವುದೆಂದರೆ ಸಂತೋಷವೆಂದು ನಾವು ತಿಳಿದಿದ್ದೇವೆ. ನೋವಿನಲ್ಲಿಯೂ ಬೆಕ್ಕು ಗುರುಗುಟ್ಟುವುದುಂಟು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಹನ್ನೆರಡು ದಾಟಿದ ನೂರು ಬೆಕ್ಕುಗಳ ಎಕ್ಸ್-ರೇ ಚಿತ್ರಗಳನ್ನು ನೋಡಿದರೆ ತೊಂಬತ್ತರಲ್ಲಿ ಕೀಲುಗಳ ಸವೆತ ಕಂಡಿತು. ಆ ಮನೆಗಳವರು ಅದನ್ನು 'ವಯಸ್ಸಾಯಿತು, ಈಗ ಮಲಗುವುದೇ ಹೆಚ್ಚು' ಎಂದಷ್ಟೇ ಕಂಡಿದ್ದರೆ ಆಶ್ಚರ್ಯವಿಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಪಶುವೈದ್ಯರು 2019ರಲ್ಲಿ ಬೆಕ್ಕಿನ ಮುಖದ ಐದು ಗುರುತುಗಳಿಂದ ನೋವನ್ನು ಅಳೆಯುವ ಕ್ರಮವೊಂದನ್ನು ಪ್ರಕಟಿಸಿದರು: ಕಿವಿ ಹೊರಳಿದ ಬಗೆ, ಕಣ್ಣು ಕಿರಿದಾದದ್ದು, ಮೂತಿಯ ಬಿಗಿತ, ಮೀಸೆಯ ನಿಲುವು, ತಲೆ ತಗ್ಗಿದ್ದು. ಒಂದೊಂದಕ್ಕೂ ಸೊನ್ನೆಯಿಂದ ಎರಡರವರೆಗೆ ಅಂಕ. ಮಾತಿಲ್ಲದ ಜೀವದ ಮುಖವನ್ನು ಓದಲು ಮನುಷ್ಯನು ಒಂದು ಅಕ್ಷರಮಾಲೆಯನ್ನೇ ಕಟ್ಟಿಕೊಂಡಂತಾಯಿತು. ಆದರೆ ಅದು ಇಂದಿನ, ಈ ಕ್ಷಣದ ತೀವ್ರ ನೋವನ್ನು ಓದುವ ಅಕ್ಷರಮಾಲೆ. ವರ್ಷಗಟ್ಟಲೆ ಹಳೆಯ ನೋವು ಮುಖದಲ್ಲಿರುವುದಕ್ಕಿಂತ ದಿನಚರಿಯಲ್ಲಿ ಹೆಚ್ಚು ಇರುತ್ತದೆ.

ನಮ್ಮ ಡೊಂಬಿವಲಿಯ ಮನೆಯಲ್ಲಿರುವ ಬೆಕ್ಕಿನ ಸಂಗತಿಯನ್ನು ಇಲ್ಲಿ ಹೇಳುವುದು ಅಗತ್ಯ, ಏಕೆಂದರೆ ಪ್ರಶ್ನೆ ನಮ್ಮ ಮುಂದೆ ಬಂದದ್ದು ಅದರ ಮೂಲಕವೇ. ಒಂದು ಜುಲೈ ತಿಂಗಳ ಮಳೆಯಲ್ಲಿ ಮೆಟ್ಟಿಲ ಕೆಳಗೆ ಒದ್ದೆಯಾಗಿ ಕುಳಿತಿದ್ದುದನ್ನು ಮನೆಯ ಮಕ್ಕಳು ಒಳಗೆ ತಂದರು. ಬೆಳೆದ ಬೆಕ್ಕು; ಹಿಂದಿನ ಕಥೆ ಯಾರಿಗೂ ಗೊತ್ತಿಲ್ಲ. ತಲೆ, ಗಂಟಲು ಸವರಿದರೆ ಕಣ್ಣು ಮುಚ್ಚಿ ಕುಳಿತುಕೊಳ್ಳುವುದು. ಕೈ ಸೊಂಟದ ಬಳಿ ಸರಿದರೆ ಎದ್ದು ಹೋಗುವುದು. ಅಡಿಗೆಮನೆಯ ಕಟ್ಟೆಗೆ ಒಮ್ಮೆಯೂ ಹಾರಲಿಲ್ಲ. ಬಂದ ನೆಂಟರು 'ಎಷ್ಟು ಸಾಧು ಬೆಕ್ಕು!' ಎಂದು ಮೆಚ್ಚಿದರು. ಮೂರನೆಯ ವರ್ಷ ಅದಕ್ಕೆ ಮಲಬದ್ಧತೆ ತೋರಿತು. ಎರಡು ದಿನ ಮಣ್ಣಿನ ತಟ್ಟೆಯಲ್ಲಿ ಕುಳಿತು ತಿಣುಕಿದ್ದನ್ನು ಕಂಡು ಪಶುವೈದ್ಯರ ಬಳಿಗೆ ಒಯ್ದೆವು. ಅವರು ಎಕ್ಸ್-ರೇ ಚಿತ್ರವನ್ನು ಬೆಳಕಿಗೆ ಹಿಡಿದು ತೋರಿಸಿದರು. ಸೊಂಟದ ಮೂಳೆ ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಸೊಂಟದ ಮೂಳೆಗಳ ನಡುವೆ ಮಲ ಸಾಗುವ ದಾರಿ ಇರುತ್ತದೆ. ಮೂಳೆ ಒಳಕ್ಕೆ ವಾಲಿ ಕೂಡಿದರೆ ಆ ದಾರಿ ಇಕ್ಕಟ್ಟಾಗುತ್ತದೆ. ಮೊದಮೊದಲು ಪ್ರಾಣಿ ಹೇಗೋ ನಿಭಾಯಿಸುತ್ತದೆ. ವರ್ಷಗಳು ಕಳೆದಂತೆ ಹಿಂದೆ ಮಲ ತುಂಬಿ ಕರುಳು ಹಿಗ್ಗಿ ತನ್ನ ಶಕ್ತಿಯನ್ನೇ ಕಳೆದುಕೊಳ್ಳಬಹುದು. ಗಾಯ ಹಳೆಯದು, ತೊಂದರೆ ಹೊಸದು. ಗಾಡಿ ಬಡಿಯಿತೋ, ಬಿದ್ದಿತೋ, ಯಾರಾದರೂ ಹೊಡೆದರೋ, ಚಿತ್ರ ಹೇಳಲಿಲ್ಲ.

ಅಲ್ಲಿಂದ ಮುಂದೆ ನೆರೆಹೊರೆಯವರ, ನೆಂಟರ ಮಾತುಗಳು ಆರಂಭವಾದವು. ಅವು ಹಗುರವಾದ ಮಾತುಗಳಲ್ಲ. ಒಂದೊಂದನ್ನೂ ಗೌರವದಿಂದ ಪರಿಶೀಲಿಸಬೇಕು.

ಮೊದಲನೆಯದು: 'ಅದರ ಪ್ರಾರಬ್ಧ. ನೀವೇನು ಮುರಿದದ್ದೇ?' ನಮ್ಮವರಲ್ಲಿ ಈ ಮಾತಿಗೆ ಬಹಳ ತೂಕ. ಆದರೆ ಕರ್ಮಸಿದ್ಧಾಂತವನ್ನು ಒಪ್ಪಿದವರಿಗೂ ಇದು ತಪ್ಪಿಸಿಕೊಳ್ಳುವ ದಾರಿಯಾಗಲಾರದು. ಹಿಂದಿನದು ಅದರ ಕರ್ಮವಾದರೆ, ಇಂದು ನಾವು ನೋಡಿಯೂ ಸುಮ್ಮನಿರುವುದು ಯಾರ ಕರ್ಮ? 1209ರಲ್ಲಿ ಜನ್ನಕವಿ ಬರೆದ ಯಶೋಧರ ಚರಿತೆಯಲ್ಲಿ ಅರಸನು ಬಲಿ ಕೊಟ್ಟದ್ದು ಹಿಟ್ಟಿನ ಕೋಳಿಯನ್ನು, ಜೀವವಿಲ್ಲದ ಬೊಂಬೆ. ಆದರೂ ಸಂಕಲ್ಪದ ಹಿಂಸೆಯೂ ಹಿಂಸೆಯೇ ಎಂದು ಕಾವ್ಯ ಅವನನ್ನು ಜನ್ಮಜನ್ಮಗಳಲ್ಲಿ ಅಲೆಸುತ್ತದೆ. ಅಲ್ಲಿ ನೋವೇ ಇಲ್ಲದ ದೇಹ, ಆದರೆ ಹೊಣೆಗಾರ ಸ್ಪಷ್ಟ. ಇಲ್ಲಿ ನೋವು ಸ್ಪಷ್ಟ, ಹೊಣೆಗಾರನೇ ಕಾಣೆ. ತಪ್ಪಿತಸ್ಥನನ್ನು ಹುಡುಕುವುದರಿಂದಲೇ ನೀತಿ ಆರಂಭವಾಗಬೇಕೆಂದರೆ ಇಂಥ ನೋವಿಗೆ ಯಾರೂ ಉತ್ತರ ಕೊಡಬೇಕಾಗಿಲ್ಲ. ಆದರೆ ತಪ್ಪು ಬೇರೆ, ಹೊಣೆ ಬೇರೆ. ತಪ್ಪು ಹಿಂದಕ್ಕೆ ನೋಡುತ್ತದೆ. ಹೊಣೆ ಎದುರಿಗಿರುವುದನ್ನು ನೋಡುತ್ತದೆ.

ನಮ್ಮ ಕಾನೂನು ಕೂಡ ಇದನ್ನು ಗುರುತಿಸಿದೆ ಎಂಬುದನ್ನು ಓದುಗರು ಗಮನಿಸಬೇಕು. ರುಕ್ಮಿಣಿ ದೇವಿ ಅರುಂಡೇಲ್ ಅವರು ರಾಜ್ಯಸಭೆಯ ಸದಸ್ಯರಾಗಿ 1950ರ ದಶಕದಲ್ಲಿ ಪ್ರಾಣಿಗಳ ಪರವಾಗಿ ಮಸೂದೆ ತಂದು, ಅದರ ಫಲವಾಗಿ 1960ರಲ್ಲಿ ಪ್ರಾಣಿಹಿಂಸಾ ತಡೆ ಕಾಯಿದೆ ಬಂತು. ಅದರ ಮೂರನೆಯ ಕಲಮು ಪ್ರಾಣಿಯ ಒಡೆಯನ ಮೇಲೆ ಮಾತ್ರವಲ್ಲ, ಅದನ್ನು ತನ್ನ ಆರೈಕೆಯಲ್ಲಿ ಇಟ್ಟುಕೊಂಡ ಪ್ರತಿಯೊಬ್ಬನ ಮೇಲೂ ಅದರ ಕ್ಷೇಮದ ಕರ್ತವ್ಯವನ್ನು ಹೊರಿಸುತ್ತದೆ. ಯಾರು ಕೊಂಡರು, ಯಾರು ಮುರಿದರು ಎಂಬುದು ಅಲ್ಲಿನ ಪ್ರಶ್ನೆಯಲ್ಲ. ಈಗ ಯಾರ ಕೈಯಲ್ಲಿದೆ ಎಂಬುದೇ ಪ್ರಶ್ನೆ. 1976ರ ತಿದ್ದುಪಡಿ ಜೀವಿಗಳ ಮೇಲಿನ ಕರುಣೆಯನ್ನು ನಾಗರಿಕರ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಬಾಗಿಲು ತೆರೆದು ಒಳಗೆ ಕರೆದ ದಿನವೇ ಅದರ ಹಿಂದಿನ ದಿನಗಳೂ ಅದರೊಡನೆ ಒಳಗೆ ಬಂದವು. ಬೆಕ್ಕನ್ನು ಒಳಗೆ ಬಿಟ್ಟು ಗಾಯವನ್ನು ಹೊರಗೆ ನಿಲ್ಲಿಸಲಾಗದು.

ಎರಡನೆಯ ಮಾತು ಹೆಚ್ಚು ಕಠಿಣವಾದದ್ದು: 'ಈ ಊರಿನಲ್ಲಿ ಮನುಷ್ಯರೇ ಫುಟ್‌ಪಾತಿನ ಮೇಲೆ ಮಲಗುತ್ತಾರೆ, ಬೆಕ್ಕಿಗೆ ಎಕ್ಸ್-ರೇಯೇ?' ಕರುಣೆಗೆ ಕೊನೆಯಿಲ್ಲ, ಆದುದರಿಂದ ಎರಡನ್ನೂ ಮಾಡಬಹುದು ಎಂದು ಹೇಳಿ ನುಣುಚಿಕೊಳ್ಳುವುದು ಸರಿಯಲ್ಲ. ಕರುಣೆಗೆ ಕೊನೆಯಿಲ್ಲದಿರಬಹುದು, ಸಂಬಳಕ್ಕೆ ಇದೆ. ಮಗುವಿನ ಶಾಲೆಯ ಫೀಸು, ಊರಿನಲ್ಲಿರುವ ತಾಯಿಯ ಔಷಧ, ಬೆಕ್ಕಿನ ಶಸ್ತ್ರಚಿಕಿತ್ಸೆ—ಈ ಮೂರರಲ್ಲಿ ಎರಡಕ್ಕೆ ಮಾತ್ರ ಹಣವಿದ್ದರೆ ಬೆಕ್ಕು ಹಿಂದೆ ನಿಲ್ಲಬೇಕು. ಹಾಗೆ ನಿಲ್ಲಿಸಿದವರು ನಾಚಬೇಕಾಗಿಲ್ಲ. ಆದರೆ ಬೆಕ್ಕಿನ ಖರ್ಚನ್ನು ಫುಟ್‌ಪಾತಿನವರ ಅನ್ನದೊಡನೆ ತೂಗುವವರು ಮದುವೆಯ ಮಂಟಪದ ಹೂವನ್ನೂ ಹಬ್ಬದ ಜರಿ ಸೀರೆಯನ್ನೂ ಅದೇ ತಕ್ಕಡಿಯಲ್ಲಿ ತೂಗುವುದನ್ನು ನಾವು ಕಂಡಿಲ್ಲ. ತಕ್ಕಡಿ ಹೊರಬರುವುದು ಬೆಕ್ಕಿನ ಸರದಿ ಬಂದಾಗ ಮಾತ್ರವಾದರೆ, ಅದು ಫುಟ್‌ಪಾತಿನವರ ಮೇಲಿನ ಪ್ರೀತಿಯಿಂದಲ್ಲ.

ಒಂದು ಮನೆಯ ಕೈಯಲ್ಲಿ ಆಗದ್ದಕ್ಕೆ ಸಂಸ್ಥೆ ಬೇಕು. ಈ ನಗರ ಅದನ್ನು ಬಹಳ ಹಿಂದೆಯೇ ಅರಿತಿತ್ತು. 1832ರಲ್ಲಿ ಆಂಗ್ಲ ಸರಕಾರ ಬೀದಿನಾಯಿಗಳನ್ನು ಕೊಲ್ಲಿಸತೊಡಗಿದಾಗ ಕೋಟೆ ಪ್ರದೇಶದ ಪಾರ್ಸಿಗಳು ಎದ್ದು ಗಲಭೆಯೇ ಆಯಿತು. ಅದಾಗಿ ಎರಡು ವರ್ಷಕ್ಕೆ, 1834ರಲ್ಲಿ, ಜಮ್ಸೆಟ್ಜಿ ಜೀಜೀಭಾಯ್ ಅವರೂ ಗುಜರಾತಿ ವರ್ತಕರೂ ಸೇರಿ ಭುಲೇಶ್ವರದಲ್ಲಿ ಪಾಂಜ್ರಾಪೋಳವನ್ನು ಕಟ್ಟಿದರು. 1874ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಸಂಘ ಹುಟ್ಟಿತು. ಮುಂದಿನ ದಶಕದಲ್ಲಿ ಸರ್ ದಿನಶಾ ಪೆಟಿಟ್ ಅವರ ದಾನದಿಂದ ಪರೇಲಿನಲ್ಲಿ ಅವರ ಪತ್ನಿ ಬಾಯಿ ಸಾಕರ್‌ಬಾಯಿಯವರ ಹೆಸರಿನ ಪ್ರಾಣಿ ಆಸ್ಪತ್ರೆ ಎದ್ದಿತು; 1886ರಲ್ಲಿ ಪರೇಲಿನಲ್ಲಿಯೇ ಪಶುವೈದ್ಯ ಕಾಲೇಜು ಆರಂಭವಾಯಿತು. ಪ್ಲೇಗು, ಬರಗಾಲ, ಗಿರಣಿ ಮುಷ್ಕರಗಳನ್ನೆಲ್ಲ ಕಂಡ ಊರು ಇದು. ಮನುಷ್ಯನ ಕಷ್ಟ ತೀರಿದ ಮೇಲೆ ಪ್ರಾಣಿಗಳನ್ನು ನೋಡೋಣವೆಂದು ಅವರು ಕಾಯುತ್ತ ಕುಳಿತಿದ್ದರೆ ಆ ಕಟ್ಟಡಗಳು ಇಂದಿಗೂ ಏಳುತ್ತಿರಲಿಲ್ಲ.

ಮೂರನೆಯ ಮಾತನ್ನು ಆಡಿದವರು ದನಿ ತಗ್ಗಿಸಿ ಆಡಿದರು: 'ವಾಸಿಯಾಗದ್ದನ್ನು ಎಳೆದಾಡುವುದಕ್ಕಿಂತ ಒಂದು ಸೂಜಿ ಚುಚ್ಚಿಸಿ ಮುಗಿಸುವುದು ದಯೆಯಲ್ಲವೇ?' ಇದನ್ನು ಕ್ರೂರವೆಂದು ತಳ್ಳಿಹಾಕಲಾಗದು. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ಕರುವೊಂದು ಉಪಾಯವಿಲ್ಲದ ಯಾತನೆಯಲ್ಲಿ ಬಿದ್ದಿದ್ದಾಗ ಗಾಂಧೀಜಿ ಆಶ್ರಮವಾಸಿಗಳೊಡನೆ ಸಮಾಲೋಚಿಸಿ, ವೈದ್ಯರಿಂದ ತಮ್ಮೆದುರಿನಲ್ಲಿಯೇ ಅದರ ಪ್ರಾಣವನ್ನು ಕಳೆಯಿಸಿದರು. ದೇಶದ ನಾನಾ ಕಡೆಗಳಿಂದ ಖಂಡನೆಯ ಪತ್ರಗಳು ಬಂದವು. ಪ್ರಾಣ ತೆಗೆಯದಿರುವುದಷ್ಟೇ ಅಹಿಂಸೆಯಲ್ಲವೆಂದು ಅವರು ತಮ್ಮ ಪತ್ರಿಕೆಗಳಲ್ಲಿ ವಾದಿಸಿದರು. ಪಾಂಜ್ರಾಪೋಳದ ಸಂಪ್ರದಾಯವಾದರೋ ಕೊನೆಯುಸಿರಿನವರೆಗೆ ಸಾಕುವುದನ್ನೇ ಧರ್ಮವೆನ್ನುತ್ತದೆ. ಎರಡೂ ಕಡೆ ಪ್ರಾಮಾಣಿಕರಿದ್ದಾರೆ. ನಮ್ಮ ಮಟ್ಟಿಗೆ ಈ ಪ್ರಶ್ನೆಯನ್ನು ಹೀಗೆ ಕೇಳಿಕೊಳ್ಳಬೇಕು: ಈ ಸೂಜಿಯಿಂದ ಕೊನೆಯಾಗುವುದು ಯಾರ ಸಂಕಟ? ಆ ಕರುವಿಗೆ ಮಗ್ಗುಲು ಬದಲಿಸುವುದೂ ಯಾತನೆಯಾಗಿತ್ತು, ಉಪಾಯಗಳೆಲ್ಲ ಮುಗಿದಿದ್ದವು. ಆದರೆ ತಿನ್ನುವ, ಬಿಸಿಲು ಕಾಯಿಸುವ, ಪಾರಿವಾಳವನ್ನು ನೋಡಿ ಹಲ್ಲು ಕಟಕಟಿಸುವ ಬೆಕ್ಕಿನ ವಿಷಯದಲ್ಲಿ ಮುಗಿಯಬೇಕಾದದ್ದು ಹಲವು ಸಲ ಅದರ ಬದುಕಲ್ಲ, ನಮ್ಮ ಕಿರಿಕಿರಿ. ಕಾಲ ಬಂದಾಗ ಸೂಜಿಯೂ ದಯೆಯಾಗಬಹುದು. ಆ ಕಾಲ ಬಂದಿತೆಂದು ಹೇಳಬೇಕಾದದ್ದು ಪ್ರಾಣಿಯ ಸ್ಥಿತಿಯೇ ಹೊರತು ಸಾಕುವವರ ದಣಿವಲ್ಲ.

ಹಾಗಾದರೆ ವಾಸಿಯಾಗದ ಗಾಯಕ್ಕೆ ಮಾಡುವ ಆರೈಕೆ ಎಂದರೇನು? ಸೊಟ್ಟಗೆ ಕೂಡಿದ ಹಳೆಯ ಮೂಳೆಯನ್ನು ಎಲ್ಲ ಬೆಕ್ಕುಗಳಲ್ಲಿಯೂ ಮತ್ತೆ ಮುರಿದು ಸರಿಪಡಿಸುವುದು ಯುಕ್ತವಲ್ಲ. ಬೆಕ್ಕನ್ನು ಬದಲಿಸಲಾಗದು, ಮನೆಯನ್ನು ಬದಲಿಸಬಹುದು. ಮಣ್ಣಿನ ತಟ್ಟೆಯ ಅಂಚನ್ನು ತಗ್ಗಿಸುವುದು. ಕಿಟಕಿಗೆ ಏರಲು ನಡುವೆ ಒಂದು ಮಣೆ ಇಡುವುದು. ನೆಲದ ನುಣುಪಿಗೆ ಹಳೆಯ ಗೋಣಿತಟ್ಟನ್ನೋ ಜಮಖಾನವನ್ನೋ ಹಾಸುವುದು. ನೀರಿನ ಬಟ್ಟಲುಗಳನ್ನು ಎರಡು ಮೂರು ಕಡೆ ಇಡುವುದು. ಎತ್ತುವಾಗ ಎದೆ ಮತ್ತು ಹಿಂಗಾಲು ಎರಡಕ್ಕೂ ಆಧಾರ ಕೊಡುವುದು. ಮೈ ತೂಕ ಏರದಂತೆ ನೋಡಿಕೊಳ್ಳುವುದು. ಮಲ ಸಡಿಲಿಸಲು ವೈದ್ಯರು ಹೇಳಿದ ಅಳತೆಯಲ್ಲಿ ಲ್ಯಾಕ್ಟುಲೋಸ್. ನಮ್ಮ ಮುದುಕರಿಗೆ ಕೊಡುವ ಅದೇ ಪಾಕ. ಇದರಲ್ಲಿ ಸಾಹಸವೇನೂ ಇಲ್ಲ. ಒಂದು ದಿನ ಮಾಡಿ ಮುಗಿಸುವಂಥದಲ್ಲ ಎಂಬುದಷ್ಟೇ ಇದರ ಕಷ್ಟ.

ಇನ್ನೊಂದು ಮಾತು. ಪ್ರೀತಿಯೊಂದೇ ಸಾಲದು, ಜ್ಞಾನವೂ ಕರುಣೆಯ ಒಂದು ಅಂಗ. ಬೆಕ್ಕಿಗೆ ನೋವೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಗುಳಿಗೆಯನ್ನು ಹಾಲಿನಲ್ಲಿ ಅರೆದು ಕೊಡುವವರಿದ್ದಾರೆ. ಮನುಷ್ಯನ ಯಕೃತ್ತು ಅದನ್ನು ನಿರ್ವಿಷಗೊಳಿಸುವ ರೀತಿ ಬೆಕ್ಕಿನ ಯಕೃತ್ತಿಗೆ ಸಾಧ್ಯವಿಲ್ಲ. ರಕ್ತ ಪ್ರಾಣವಾಯುವನ್ನು ಹೊರುವ ಶಕ್ತಿಯನ್ನೇ ಕಳೆದುಕೊಂಡು ಒಂದೇ ಗುಳಿಗೆಯಿಂದ ಬೆಕ್ಕು ಸಾಯಬಹುದು. ಬೆಕ್ಕೆಂದರೆ ಹಾಲು ಎಂಬ ನಮ್ಮ ನಂಬಿಕೆಯೂ ಪೂರ್ಣ ನಿಜವಲ್ಲ. ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣವಾಗುವುದಿಲ್ಲ. ಒಂದು ಜೀವದ ಮದ್ದು ಇನ್ನೊಂದಕ್ಕೆ ವಿಷವಾಗುವುದನ್ನು ಈ ದೇಶ ದೊಡ್ಡ ಪ್ರಮಾಣದಲ್ಲಿಯೇ ಕಂಡಿದೆ. ದನಗಳ ನೋವಿಗೆ ಕೊಟ್ಟ ಡೈಕ್ಲೋಫೆನಾಕ್, ಸತ್ತ ದನವನ್ನು ತಿಂದ ರಣಹದ್ದುಗಳ ಕುಲವನ್ನೇ ಅಳಿಸುತ್ತ ಬಂತು. 2006ರಲ್ಲಿ ಸರಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು. ಮಲಬಾರ್ ಹಿಲ್ಲಿನ ದಖ್ಮಾಗಳಿಗೆ ಹದ್ದುಗಳು ಬಾರದಂತಾದದ್ದು ನಮ್ಮ ಪಾರ್ಸಿ ನೆರೆಯವರಿಗೆ ಎಷ್ಟು ದೊಡ್ಡ ಸಂಕಟವಾಯಿತೆಂಬುದನ್ನು ಮುಂಬಯಿಯವರು ಬಲ್ಲರು. ಆ ಗುಳಿಗೆ ಕೊಟ್ಟವರಾರೂ ಕೆಟ್ಟವರಾಗಿರಲಿಲ್ಲ.

ಈ ವಿಚಾರ ಬೆಕ್ಕಿನೊಡನೆಯೇ ನಿಲ್ಲುವುದಿಲ್ಲ. ನಮ್ಮ ಸಂಘಗಳ ಸಭೆಗಳಲ್ಲಿ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುವ ಹಿರಿಯರನ್ನು ನೋಡಿ. 1998ರಲ್ಲಿ ಕೊಂಕಣ ರೈಲಿನ ದಾರಿ ಪೂರ್ತಿ ತೆರೆಯುವುದಕ್ಕೆ ಎಷ್ಟೋ ಮೊದಲು, ಹತ್ತು ಹನ್ನೆರಡರ ಪ್ರಾಯದಲ್ಲಿ ಊರು ಬಿಟ್ಟು ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು ರಾತ್ರಿ ಕನ್ನಡ ಶಾಲೆಯಲ್ಲಿ ಓದಿದವರು ಅವರಲ್ಲಿದ್ದಾರೆ. ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಡದವರನ್ನು ನಾವು ಶಿಸ್ತಿನ ಮನುಷ್ಯರೆಂದುಕೊಳ್ಳುತ್ತೇವೆ. ತೋಳಿನ ಮೇಲೆ ಕುದಿಯುವ ಎಣ್ಣೆಯ ಕಲೆ ಇದ್ದೀತು. ಊರಿನಿಂದ ಕರೆತಂದ ಅತ್ತೆಯವರು ಕೇಳಿದಾಗಲೆಲ್ಲ 'ನನಗೇನೂ ಇಲ್ಲ ಮಗಾ' ಎನ್ನುತ್ತಾರೆ. ದೇವರ ಮುಂದೆ ನೆಲದ ಮೇಲೆ ಕೂರುವುದನ್ನು ಮಾತ್ರ ನಿಲ್ಲಿಸಿದ್ದಾರೆ. ಬೆಕ್ಕಿನಂತೆಯೇ ಇವರೂ ಕೂಗುವುದಿಲ್ಲ, ಕೆಲವು ಕೆಲಸಗಳನ್ನು ಬಿಟ್ಟುಬಿಡುತ್ತಾರೆ.

ಆದರೆ ಇಲ್ಲಿ ಒಂದು ಭೇದವಿದೆ, ಅದನ್ನು ಮರೆಯಬಾರದು. ಬೆಕ್ಕು ಹೇಳಲಾರದು, ಮನುಷ್ಯ ಹೇಳಬಲ್ಲ, ಹೇಳದಿರಲೂ ಬಲ್ಲ. ಹೇಳದಿರುವುದು ಕೆಲವರಿಗೆ ಉಳಿದಿರುವ ಏಕೈಕ ಮರ್ಯಾದೆ. ಕರುಣೆಯ ಹೆಸರಿನಲ್ಲಿ ಹಳೆಯ ಗಾಯವನ್ನು ಕೆದಕಿ ಕಥೆ ಹೊರಡಿಸುವುದು ಇನ್ನೊಂದು ಬಗೆಯ ಹಿಂಸೆಯಾದೀತು. ಬೆಕ್ಕಿನ ಆರೈಕೆ ನಮಗೆ ಕಲಿಸುವ ವಿವೇಕ ಇಲ್ಲಿಯೇ ಉಪಯೋಗಕ್ಕೆ ಬರುತ್ತದೆ. ಅದರ ಮೂಳೆ ಮುರಿದದ್ದು ಹೇಗೆಂದು ತಿಳಿಯದೆಯೇ ನಾವು ಮಣೆ ಇಟ್ಟೆವು, ತಟ್ಟೆಯ ಅಂಚು ತಗ್ಗಿಸಿದೆವು. ಹಾಗೆಯೇ ಅತ್ತೆಯವರ ಮಂಡಿಯ ಚರಿತ್ರೆಯನ್ನು ವಿಚಾರಿಸದೆಯೇ ದೇವರ ಮಂಟಪದ ಮುಂದೆ ಒಂದು ಕುರ್ಚಿ ಇಡಬಹುದು. ಆರೈಕೆಗೆ ಕಥೆ ಬೇಕಾಗಿಲ್ಲ, ಗಮನ ಬೇಕು.

ಕೃತಜ್ಞತೆಯನ್ನು ನಿರೀಕ್ಷಿಸುವವರು ಬೆಕ್ಕನ್ನು ಸಾಕಬಾರದೆಂದು ತಿಳಿದವರು ಹೇಳುತ್ತಾರೆ. ನೋವು ಕಡಿಮೆಯಾದ ಬೆಕ್ಕು ಬಂದು ಕಾಲಿಗೆ ಬೀಳುವುದಿಲ್ಲ. ಬಹಳವೆಂದರೆ ಹಿಂದೆ ಮಲಗದ ಜಾಗದಲ್ಲಿ ಮಲಗುತ್ತದೆ. ಸೊಂಟವನ್ನು ಮುಟ್ಟಗೊಡದ ಬೆಕ್ಕು ಕೊನೆಯವರೆಗೂ ಮುಟ್ಟಗೊಡದೆ ಹೋಗಬಹುದು, ಅದನ್ನೂ ಒಪ್ಪಿಕೊಳ್ಳಬೇಕು. ಮುಟ್ಟಗೊಡುವುದು ನಮ್ಮ ಆರೈಕೆಗೆ ಅದು ಸಲ್ಲಿಸಬೇಕಾದ ಬಾಡಿಗೆಯಲ್ಲ.

ಮುಂಬರುವ ಮಳೆಗಾಲದಲ್ಲಿ ನಮ್ಮ ಓದುಗರಲ್ಲಿ ಎಷ್ಟೋ ಮಂದಿಯ ಮೆಟ್ಟಿಲ ಕೆಳಗೆ ಒಂದೊಂದು ಒದ್ದೆ ಬೆಕ್ಕು ಬಂದು ಕುಳಿತುಕೊಳ್ಳುತ್ತದೆ. ಎಲ್ಲರೂ ಅದನ್ನು ಒಳಗೆ ಕರೆಯಬೇಕೆಂದು ನಾವು ಹೇಳುವುದಿಲ್ಲ. ಮನೆ ಸಣ್ಣದು, ಹೊಣೆಗಳು ನೂರಾರು. ಕರೆದರೆ ಮಾತ್ರ ಮೊದಲ ತಿಂಗಳಲ್ಲಿಯೇ ಪಶುವೈದ್ಯರಿಂದ ಅದರ ಬೆನ್ನು, ಸೊಂಟ, ಕಾಲುಗಳನ್ನು ಒಮ್ಮೆ ಮುಟ್ಟಿ ನೋಡಿಸಿ. ಅದು ಏನು ಮಾಡುತ್ತದೆ ಎಂಬುದರ ಜೊತೆಗೆ ಏನು ಮಾಡುವುದಿಲ್ಲ ಎಂಬುದನ್ನೂ ಗಮನಿಸಿ. 'ಎಷ್ಟು ಸಾಧು!' ಎಂದು ಯಾರಾದರೂ ಮೆಚ್ಚಿದರೆ, ಅದು ಸಾಧುತನವೋ ನೋವೋ ಎಂದು ಇನ್ನೊಮ್ಮೆ ನೋಡಿ.